ಒಂದು ಸರ್ಕಾರಕ್ಕೆ 134 ದಿನ: ಸ್ವೀಡನ್ ಸ್ಪೀಕರ್ ಆಂಡ್ರಿಯಾಸ್ ನೊರ್ಲೇನ್ ಬಗ್ಗೆ ಮಾತಾಡೋಣ

ಹೊನ್ನೆಮರ:

ಸ್ಪೀಕರ್ ಅಂದ ಕೂಡಲೇ ನಮ್ಮ ಕಣ್ಣ ಮುಂದೆ ಬರುವುದು ಎತ್ತರದ ಕುರ್ಚಿ, "ಕೂತ್ಕೊಳ್ಳಿ, ದಯವಿಟ್ಟು ಕೂತ್ಕೊಳ್ಳಿ" ಅನ್ನುವ ದನಿ. ಸ್ವೀಡನ್‌ನಲ್ಲಿ ಆ ಕುರ್ಚಿಗೆ ಇನ್ನೊಂದು ದೊಡ್ಡ ಕೆಲಸ ಇದೆ. ಪ್ರಧಾನಿ ಯಾರಾಗಬೇಕು ಎಂದು ಹೆಸರು ಸೂಚಿಸುವವರೇ ಅವರು. ನಮ್ಮಲ್ಲಿ ರಾಜ್ಯಪಾಲರು, ರಾಷ್ಟ್ರಪತಿ ಮಾಡುವ ಕೆಲಸ ಅಲ್ಲಿ ಸ್ಪೀಕರ್ ಮಾಡುತ್ತಾರೆ. ರಾಜ ಇದ್ದಾರೆ, ಆದರೆ ಈ ವಿಷಯದಲ್ಲಿ ಅವರಿಗೆ ಏನೂ ಪಾತ್ರ ಇಲ್ಲ.

ಈ ಕೆಲಸ ಎಷ್ಟು ಕಷ್ಟದ್ದು ಎಂದು ಜಗತ್ತಿಗೆ ಗೊತ್ತಾಗಿದ್ದು ಆಂಡ್ರಿಯಾಸ್ ನೊರ್ಲೇನ್ ಕಾಲದಲ್ಲಿ. ಹುಟ್ಟಿದ್ದು 1973ರಲ್ಲಿ, ಸ್ಟಾಕ್‌ಹೋಮ್‌ನ ಬ್ರೊಮ್ಮಾದಲ್ಲಿ. ಕಾನೂನು ಓದಿದವರು. 2004ರಲ್ಲಿ ಲಿನ್‌ಷೋಪಿಂಗ್ ವಿಶ್ವವಿದ್ಯಾಲಯದಲ್ಲಿ ಡಾಕ್ಟರೇಟ್ ಮಾಡಿದರು. ವಿಷಯ ಏನು ಅಂದರೆ, ಎರಡು ಕಡೆಯವರು ಸಹಿ ಹಾಕಿದ ಒಪ್ಪಂದದಲ್ಲಿ ಒಂದು ಷರತ್ತು ತೀರಾ ಅನ್ಯಾಯದ್ದು ಅನ್ನಿಸಿದರೆ ಕೋರ್ಟು ಅದನ್ನು ಯಾವಾಗ ಬದಲಿಸಬಹುದು ಅನ್ನೋದು. ಆಮೇಲೆ ಅವರ ಪಾಲಿಗೆ ಬಂದ ಕೆಲಸ ನೋಡಿದರೆ ಇದಕ್ಕಿಂತ ಒಳ್ಳೆ ತಯಾರಿ ಇರಲಿಲ್ಲ ಅನ್ನಿಸುತ್ತೆ ನನಗೆ. 2006ರಲ್ಲಿ ಮಾಡರೇಟ್ ಪಕ್ಷದಿಂದ ಓಸ್ಟರ್‌ಯೋಟ್‌ಲ್ಯಾಂಡ್ ಪ್ರಾಂತ್ಯದ ಸಂಸದರಾದರು. ಮಾಡರೇಟ್ ಅಂದರೆ ಅಲ್ಲಿನ ದೊಡ್ಡ ಬಲಪಂಥೀಯ ಪಕ್ಷ. 2014ರಿಂದ 2018ರವರೆಗೆ ಸಂವಿಧಾನ ಸಮಿತಿಯ ಅಧ್ಯಕ್ಷರು. ಮಂತ್ರಿಗಳು ನಿಯಮ ಪ್ರಕಾರ ನಡೆದುಕೊಂಡರಾ ಇಲ್ವಾ ಎಂದು ಪರಿಶೀಲಿಸುವುದು ಈ ಸಮಿತಿಯ ಕೆಲಸ, ಬೇಕಾದರೆ ಪ್ರಧಾನಿಯನ್ನೂ ಕರೆಸಿ ಎದುರಿಗೆ ಕೂರಿಸಿ ಪ್ರಶ್ನೆ ಕೇಳುತ್ತಾರೆ. ಅಧ್ಯಕ್ಷರು ವಿರೋಧ ಪಕ್ಷದವರೇ ಇರಬೇಕು ಎಂಬ ರೂಢಿ ಇದೆ.

2018ರ ಸೆಪ್ಟೆಂಬರ್ 24ಕ್ಕೆ ಸ್ಪೀಕರ್ ಆದರು. ಗುಪ್ತ ಮತದಾನ. ಎಡಪಂಥದ ದೊಡ್ಡ ಪಕ್ಷ ಸೋಷಿಯಲ್ ಡೆಮಾಕ್ರಾಟ್‌ನ ಓಸಾ ಲಿಂಡೆಸ್ತಾಮ್‌ಗೆ 145, ಇವರಿಗೆ 203. ಮಾರನೇ ದಿನವೇ ಸಂಸತ್ತು ಅದೇ ಸೋಷಿಯಲ್ ಡೆಮಾಕ್ರಾಟ್ ಪಕ್ಷದ ಪ್ರಧಾನಿ ಸ್ಟೆಫಾನ್ ಲೋವೆನ್ ಅವರನ್ನು 204–142ರಿಂದ ಇಳಿಸಿತು. ಹೊಸ ಸ್ಪೀಕರ್‌ಗೆ ಕುರ್ಚಿ ಬಿಸಿಯಾಗುವುದಕ್ಕೂ ಸಮಯ ಸಿಗಲಿಲ್ಲ. ಅಲ್ಲಿಂದ ಮುಂದಿನ ನಾಲ್ಕು ತಿಂಗಳು ಅವರು ನಡೆದುಕೊಂಡ ರೀತಿ ಆಧುನಿಕ ಯುರೋಪಿನ ಯಾವುದೇ ಸ್ಪೀಕರ್ ಮಾಡಿದ ಅತ್ಯುತ್ತಮ ಕೆಲಸಗಳಲ್ಲಿ ಒಂದು ಎಂಬುದು ನನ್ನ ಅಭಿಪ್ರಾಯ. ಒಪ್ಪದವರು ಇದ್ದರೆ ಬನ್ನಿ, ಮಾತಾಡೋಣ.

ಮಣ್ಣಿನಹಾದಿ:

ಮೊದಲು ಒಂದು ಮೂಲ ಪ್ರಶ್ನೆ. ರಾಜ ಇದ್ದ ಮೇಲೆ ಈ ಕೆಲಸ ಸ್ಪೀಕರ್‌ಗೆ ಯಾಕೆ ಹೋಯಿತು? ಬ್ರಿಟನ್‌ನಲ್ಲಿ ರಾಜನೇ ಪ್ರಧಾನಿಯನ್ನು ಕರೆದು ನೇಮಿಸುತ್ತಾರೆ. ನಾರ್ವೆ, ಡೆನ್ಮಾರ್ಕ್‌ನಲ್ಲೂ ಹಾಗೇ ಅಲ್ವಾ?

ತಾಳೆಗರಿ:

ಒಳ್ಳೆ ಪ್ರಶ್ನೆ. ಉತ್ತರ ಸ್ಕೋನೆ ಪ್ರಾಂತ್ಯದ ತೊರೆಕೋವ್ ಎಂಬ ಸಮುದ್ರ ತೀರದ ಊರಲ್ಲಿದೆ. 1971ರ ಆಗಸ್ಟ್‌ನಲ್ಲಿ ನಾಲ್ಕು ಪಕ್ಷದವರು ಅಲ್ಲಿ ಕೂತು ರಾಜಿ ಮಾಡಿಕೊಂಡರು. ಸೋಷಿಯಲ್ ಡೆಮಾಕ್ರಾಟರಲ್ಲಿ ಅರಸೊತ್ತಿಗೆಯೇ ಬೇಡ ಎನ್ನುವವರು ಬಹಳ ಜನ ಇದ್ದರು. ಬಲಪಂಥೀಯರಿಗೆ ರಾಜ ಬೇಕಿತ್ತು. ಕೊನೆಗೆ ರಾಜ ಇರಲಿ, ಅಧಿಕಾರ ಬೇಡ ಎಂದು ತೀರ್ಮಾನ ಆಯಿತು. ಆ ಪ್ರಕಾರ 1974ರಲ್ಲಿ ಹೊಸ ಸಂವಿಧಾನ ಪಾಸಾಗಿ 1975ರ ಜನವರಿ 1ರಿಂದ ಜಾರಿಗೆ ಬಂತು. ಪ್ರಧಾನಿ ಹೆಸರು ಸೂಚಿಸುವುದು, ಸಂಸತ್ತು ಒಪ್ಪಿದ ಮೇಲೆ ನೇಮಕಪತ್ರ ಕೊಡುವುದು, ರಾಜೀನಾಮೆ ಕೊಟ್ಟರೆ ಬಿಡುಗಡೆ ಮಾಡುವುದು, ಎಲ್ಲ ಸ್ಪೀಕರ್ ಕೈಗೆ ಬಂತು.

ಈಗ ಇದರ ಎರಡನೇ ಭಾಗ ಗಮನಿಸಿ, ಇದು ಗೊತ್ತಿಲ್ಲದಿದ್ದರೆ ಮುಂದಿನ ಕಥೆ ಅರ್ಥ ಆಗಲ್ಲ. ಸ್ಪೀಕರ್ ಹೆಸರು ಸೂಚಿಸಿದ ನಾಲ್ಕು ದಿನದೊಳಗೆ ಮತದಾನ ಆಗಬೇಕು. ಆ ಅಭ್ಯರ್ಥಿಗೆ ಬಹುಮತ ಬೇಕಾಗಿಲ್ಲ! ಅವರ ವಿರುದ್ಧ ಬಹುಮತ ಇಲ್ಲದಿದ್ದರೆ ಸಾಕು. ಒಟ್ಟು 349 ಸದಸ್ಯರು, 175 ಜನ "ಬೇಡ" ಅಂದರೆ ಮಾತ್ರ ಸೋಲು. ತಟಸ್ಥರಾಗಿ ಕೂತವರು ಲೆಕ್ಕದಲ್ಲಿ ಪರೋಕ್ಷವಾಗಿ ಒಪ್ಪಿದ ಹಾಗೆ. 1978ರಲ್ಲಿ ಓಲಾ ಉಲ್ಸ್ಟೆನ್ ಪ್ರಧಾನಿ ಆದಾಗ ಪರ ಬಿದ್ದ ಮತ 39, ವಿರುದ್ಧ 66, ತಟಸ್ಥ 215. ಪರಕ್ಕಿಂತ ವಿರೋಧವೇ ಜಾಸ್ತಿ, ಆದರೂ ಅವರು ಪ್ರಧಾನಿ.

ನಾಲ್ಕು ಸಲ ಹೆಸರು ಸೂಚಿಸಿ ನಾಲ್ಕೂ ಸಲ ಸಂಸತ್ತು ತಿರಸ್ಕರಿಸಿದರೆ ಮತ್ತೆ ಚುನಾವಣೆ, ಮೂರು ತಿಂಗಳೊಳಗೆ. ಈ ನಾಲ್ಕು ಅವಕಾಶಗಳನ್ನು ಯಾವಾಗ ಖರ್ಚು ಮಾಡಬೇಕು ಅನ್ನೋದೇ ಸ್ಪೀಕರ್‌ನ ನಿಜವಾದ ಅಧಿಕಾರ. ನಿಯಮದಲ್ಲಿ ಬೇರೆ ಹೆಚ್ಚು ವಿವರ ಇಲ್ಲ. ಪ್ರತಿ ಪಕ್ಷದ ಪ್ರತಿನಿಧಿಗಳ ಜೊತೆ, ಉಪಸ್ಪೀಕರ್‌ಗಳ ಜೊತೆ ಮಾತಾಡಬೇಕು, ಆಮೇಲೆ ಹೆಸರು ಹೇಳಬೇಕು, ಅಷ್ಟೇ.

ಗಡಿಯಾರದಅಂಗಡಿ:

ಹೊನ್ನೆಮರ ಸಾರ್, ನಿಮ್ಮ ಉತ್ಸಾಹಕ್ಕೆ ಗೌರವ ಇಟ್ಟುಕೊಂಡೇ ವಿರೋಧಿಸುತ್ತೇನೆ. ಚುನಾವಣೆ ನಡೆದದ್ದು ಸೆಪ್ಟೆಂಬರ್ 9. ಸರ್ಕಾರ ಬಂದದ್ದು ಮುಂದಿನ ವರ್ಷ ಜನವರಿ 21. ನಾಲ್ಕೂವರೆ ತಿಂಗಳು ಒಂದು ದೇಶ ಉಸ್ತುವಾರಿ ಸರ್ಕಾರದ ಕೈಯಲ್ಲಿ. ಇದನ್ನು ಯಶಸ್ಸು ಅನ್ನೋದು ಹೇಗೆ? ಕೊನೆಗೆ ಪ್ರಧಾನಿ ಆದವರು ಯಾರು? ಮೊದಲ ದಿನ ಇಳಿಸಿದ ಅದೇ ಲೋವೆನ್!

ಇನ್ನೊಂದು ವಿಷಯ. ಸ್ಪೀಕರ್ ಮಾಡರೇಟ್ ಪಕ್ಷದವರು. ಸರ್ಕಾರ ಮಾಡುವ ಸಾಧ್ಯತೆ ಹುಡುಕಿ ಎಂದು ಅವರು ಮೊದಲ ಅವಕಾಶ ಕೊಟ್ಟದ್ದು ಯಾರಿಗೆ? ತಮ್ಮದೇ ಪಕ್ಷದ ನಾಯಕ ಉಲ್ಫ್ ಕ್ರಿಸ್ಟರ್‌ಸನ್‌ಗೆ. ಸಂಸತ್ತಿನಲ್ಲಿ ಅತಿ ದೊಡ್ಡ ಪಕ್ಷ ಸೋಷಿಯಲ್ ಡೆಮಾಕ್ರಾಟ್, 100 ಸ್ಥಾನ. ಮಾಡರೇಟ್‌ಗೆ 70. ಮೊದಲ ಹೆಸರೂ ಅವರದ್ದೇ ಸೂಚಿಸಿದರು, ಅದು ಬಿದ್ದುಹೋಯಿತು. ಇದು ಪಕ್ಷಪಾತ ಅಲ್ದೆ ಮತ್ತೇನು?

ಹೊನ್ನೆಮರ:

ಈ ಪ್ರಶ್ನೆ ಬರುತ್ತೆ ಎಂದು ಗೊತ್ತಿತ್ತು. ಒಂದೊಂದಾಗಿ ಹೇಳುತ್ತೇನೆ, ಸ್ವಲ್ಪ ಉದ್ದ ಆಗಬಹುದು.

ಮೊದಲು ಲೆಕ್ಕ. ಎಡಪಕ್ಷ, ಹಸಿರು ಪಕ್ಷ ಸೇರಿಸಿದರೆ ಲೋವೆನ್ ಬಣಕ್ಕೆ 144. ಮಾಡರೇಟ್, ಸೆಂಟರ್, ಲಿಬರಲ್, ಕ್ರಿಶ್ಚಿಯನ್ ಡೆಮಾಕ್ರಾಟ್ ಸೇರಿದ ಬಲ ಮೈತ್ರಿಕೂಟಕ್ಕೆ 143. ಎರಡಕ್ಕೂ ಹೊರಗೆ ವಲಸೆ ವಿರೋಧಿ ಸ್ವೀಡನ್ ಡೆಮಾಕ್ರಾಟ್ 62. ಈ 62ರ ಜೊತೆ ಯಾರೂ ಕೈ ಜೋಡಿಸಬಾರದು ಎಂಬುದು ಅಲ್ಲಿವರೆಗೆ ಎಲ್ಲ ಪಕ್ಷಗಳ ಮಾತು. ಹಾಗಾದರೆ ಯಾರಿಗೂ ದಾರಿ ಇಲ್ಲ. ಗಂಟು ಅಲ್ಲಿದೆ, ಸ್ಪೀಕರ್ ಹಾಕಿದ ಗಂಟಲ್ಲ ಅದು.

ಕ್ರಿಸ್ಟರ್‌ಸನ್‌ಗೆ ಮೊದಲು ಯಾಕೆ? ಸಂಸತ್ತು ಒಂದು ವಾರದ ಹಿಂದೆ ತಾನೇ ಲೋವೆನ್ ಬೇಡ ಎಂದು ಮತ ಹಾಕಿತ್ತು. ಬೇಡ ಎಂದು ಆಗಷ್ಟೇ ಹೇಳಿಸಿಕೊಂಡವರಿಗೆ ಮೊದಲ ಅವಕಾಶ ಕೊಟ್ಟಿದ್ದರೆ ಸಂಸತ್ತಿನ ಮತಕ್ಕೆ ಬೆಲೆ ಏನು? ಅಕ್ಟೋಬರ್ 2ಕ್ಕೆ ಕ್ರಿಸ್ಟರ್‌ಸನ್‌ಗೆ ಹೊಣೆ ಕೊಟ್ಟರು. 14ಕ್ಕೆ ಅವರು ಕೈಚೆಲ್ಲಿದರು. ಮಾರನೇ ದಿನವೇ ಲೋವೆನ್‌ಗೆ ಕೊಟ್ಟರು. ಹದಿನೈದು ದಿನಕ್ಕೆ ಅವರೂ ಕೈಚೆಲ್ಲಿದರು. ಇಬ್ಬರಿಗೂ ಹೆಚ್ಚುಕಡಿಮೆ ಒಂದೇ ಅವಧಿ. ಇದರಲ್ಲಿ ಪಕ್ಷಪಾತ ಎಲ್ಲಿದೆ?

ಈಗ ನನಗೆ ಅತ್ಯಂತ ಮುಖ್ಯ ಅನ್ನಿಸುವ ಘಟನೆ. ನವೆಂಬರ್‌ನಲ್ಲಿ ನೊರ್ಲೇನ್ ಕ್ರಿಸ್ಟರ್‌ಸನ್ ಹೆಸರನ್ನು ಮತಕ್ಕೆ ಹಾಕಿದರು. ಬೀಳುತ್ತೆ ಎಂದು ಎಲ್ಲರಿಗೂ ಗೊತ್ತಿತ್ತು, ಅವರಿಗೂ ಗೊತ್ತಿತ್ತು. ಆದರೂ ಹಾಕಿದರು. ಯಾಕೆ ಅಂದರೆ ಅಲ್ಲಿಯವರೆಗೆ ಪ್ರತಿ ಪಕ್ಷವೂ ಮೈಕ್ ಮುಂದೆ ನಿಂತು "ನಾವು ಹೀಗೆ ಮಾಡಬಹುದು, ಹಾಗೆ ಮಾಡಬಹುದು" ಅನ್ನುತ್ತಿತ್ತೇ ಹೊರತು ಗುಂಡಿ ಒತ್ತಿ ತೋರಿಸಿರಲಿಲ್ಲ. ನವೆಂಬರ್ 14ರಂದು ಒತ್ತಲೇಬೇಕಾಯಿತು. ಪರ 154, ವಿರುದ್ಧ 195. ಕೂಡಿಸಿ ನೋಡಿ, 349. ಒಬ್ಬರೂ ಗೈರಿಲ್ಲ, ಒಬ್ಬರೂ ತಟಸ್ಥರಿಲ್ಲ. ಸೆಂಟರ್, ಲಿಬರಲ್ ಎರಡೂ ಪಕ್ಷಗಳು 14 ವರ್ಷದ ಮೈತ್ರಿಯ ಗೆಳೆಯನ ವಿರುದ್ಧವೇ ಮತ ಹಾಕಿದವು, ಆ ಸರ್ಕಾರ ಸ್ವೀಡನ್ ಡೆಮಾಕ್ರಾಟರ ಬೆಂಬಲದಲ್ಲಿ ನಿಲ್ಲುತ್ತೆ ಎಂಬ ಒಂದೇ ಕಾರಣಕ್ಕೆ. ಸ್ಪೀಕರ್ ಸೂಚಿಸಿದ ಹೆಸರು ಸಂಸತ್ತಿನಲ್ಲಿ ಬಿದ್ದದ್ದು ಈ ಸಂವಿಧಾನ ಬಂದ ಮೇಲೆ ಅದೇ ಮೊದಲು.

ಆ ಮತದಾನ ಆಗದಿದ್ದರೆ ಹಳೇ ಮೈತ್ರಿ ಇನ್ನೂ ಬದುಕಿದೆ ಎಂಬ ಭ್ರಮೆಯಲ್ಲೇ ಇನ್ನೆರಡು ತಿಂಗಳು ಕಳೆಯುತ್ತಿತ್ತು. ಪಕ್ಷಪಾತಿ ಸ್ಪೀಕರ್ ಆಗಿದ್ದರೆ ತನ್ನ ನಾಯಕನನ್ನು ಇಡೀ ದೇಶದ ಮುಂದೆ ಸೋಲಿಸುವ ಮತಕ್ಕೆ ದಿನ ಗೊತ್ತು ಮಾಡುತ್ತಿದ್ದರಾ?

ಉತ್ತರದಿಕ್ಕು:

ನಾನು ಆಗ ಲಿನ್‌ಷೋಪಿಂಗ್‌ನಲ್ಲಿ ಓದುತ್ತಿದ್ದೆ, ನೊರ್ಲೇನ್ ಡಾಕ್ಟರೇಟ್ ಮಾಡಿದ ಊರು. ಅಲ್ಲಿ ಇದ್ದವಳಾಗಿ ಒಂದೆರಡು ಮಾತು ಸೇರಿಸುತ್ತೇನೆ.

ದಿನನಿತ್ಯದ ಬದುಕಿನಲ್ಲಿ ಏನೂ ನಿಲ್ಲಲಿಲ್ಲ. ಬಸ್ಸು ಓಡಿತು, ಆಸ್ಪತ್ರೆ ನಡೆಯಿತು, ಸಂಬಳ ಬಂತು. ಅಲ್ಲಿನ ಇಲಾಖೆಗಳು ಮಂತ್ರಿ ಫೋನ್ ಮಾಡಿದರೆ ಓಡುವಂಥವಲ್ಲ, ಕಾನೂನು ಪ್ರಕಾರ ಸ್ವತಂತ್ರವಾಗಿ ನಡೆಯುವಂಥವು. ಹಾಗಾಗಿ ಸಾಮಾನ್ಯ ಜನಕ್ಕೆ ಗಾಬರಿ ಇರಲಿಲ್ಲ, ಬೇಸರ ಇತ್ತು. ಲ್ಯಾಬ್‌ನ ಊಟದ ಕೋಣೆಯಲ್ಲಿ ಮಧ್ಯಾಹ್ನ ಅದೇ ಮಾತು. ಯಾವಾಗಲೂ ರಾಜಕೀಯ ಮಾತಾಡದ ಸ್ವೀಡಿಶ್ ಸಹಪಾಠಿಗಳು ಕೂಡ ಮೊಬೈಲ್‌ನಲ್ಲಿ ಸ್ಪೀಕರ್ ಪತ್ರಿಕಾಗೋಷ್ಠಿ ನೋಡುತ್ತಿದ್ದರು.

ಆ ಪತ್ರಿಕಾಗೋಷ್ಠಿಗಳನ್ನು ನಾನು ಮರೆಯಲ್ಲ. ಪಕ್ಷದ ನಾಯಕರು ಒಬ್ಬೊಬ್ಬರಾಗಿ ಸ್ಪೀಕರ್ ಕೋಣೆಗೆ ಹೋಗಿ ಬರುತ್ತಾರೆ, ದೊಡ್ಡ ಪಕ್ಷದಿಂದ ಚಿಕ್ಕ ಪಕ್ಷದವರೆಗೆ, ಹೊರಗೆ ಬಂದವರು ಕ್ಯಾಮೆರಾ ಮುಂದೆ ಎರಡು ಮಾತು ಹೇಳಿ ಹೋಗುತ್ತಾರೆ. ಎಂಟೂ ಜನ ಮುಗಿದ ಮೇಲೆ ನೊರ್ಲೇನ್ ಬರುತ್ತಾರೆ. ಇವತ್ತು ಏನಾಯಿತು, ಮುಂದಿನ ಹೆಜ್ಜೆ ಯಾವುದು, ಯಾವ ದಿನದೊಳಗೆ, ಆಗದಿದ್ದರೆ ಏನು ಮಾಡುತ್ತೇನೆ, ಎಲ್ಲವನ್ನೂ ಮೇಷ್ಟ್ರು ಪಾಠ ಹೇಳಿದ ಹಾಗೆ ಬಿಡಿಸಿ ಹೇಳುತ್ತಿದ್ದರು. ಸ್ವೀಡಿಶ್ ಆಗತಾನೇ ಕಲಿಯುತ್ತಿದ್ದ ನನಗೇ ಅರ್ಥ ಆಗುತ್ತಿತ್ತು. ನಾಯಕರ ಮಾತು ಮಾತ್ರ ಎಷ್ಟು ಕೇಳಿದರೂ ಅರ್ಥ ಆಗುತ್ತಿರಲಿಲ್ಲ!

ಇನ್ನೊಂದು ಸಣ್ಣ ವಿಷಯ, ಬಹಳ ಜನಕ್ಕೆ ಗೊತ್ತಿರಲ್ಲ. ಅಲ್ಲಿನ ಸಂಸತ್ತಿನಲ್ಲಿ ಸದಸ್ಯರು ಪಕ್ಷವಾರು ಕೂರಲ್ಲ, ತಮ್ಮ ಪ್ರಾಂತ್ಯದ ಪ್ರಕಾರ ಕೂರುತ್ತಾರೆ. ಎಡಪಕ್ಷದವರ ಪಕ್ಕದಲ್ಲೇ ಮಾಡರೇಟ್‌ನವರು ಇರಬಹುದು, ಇಬ್ಬರೂ ಒಂದೇ ಊರಿನವರು. ಗೋಡೆ ಮೇಲಿನ ಬೋರ್ಡ್‌ನಲ್ಲಿ ಹಸಿರು, ಕೆಂಪು, ಹಳದಿ ದೀಪಗಳು ಅದಕ್ಕೇ ಚೆಲ್ಲಾಪಿಲ್ಲಿ ಕಾಣುತ್ತವೆ, ಒಂದು ಕಡೆ ಪೂರ್ತಿ ಕೆಂಪು ಒಂದು ಕಡೆ ಪೂರ್ತಿ ಹಸಿರು ಬರಲ್ಲ.

ಗಡಿಯಾರದಅಂಗಡಿ:

ಮೇಡಂ, ಏನೂ ನಿಲ್ಲಲಿಲ್ಲ ಅಂದಿರಿ. ಆದರೆ ಡಿಸೆಂಬರ್ 12ರ ಬಜೆಟ್ ನೆನಪಿಸಿಕೊಳ್ಳಿ. ಉಸ್ತುವಾರಿ ಸರ್ಕಾರದ ಬಜೆಟ್ ಬಿದ್ದುಹೋಗಿ ಮಾಡರೇಟ್ ಮತ್ತು ಕ್ರಿಶ್ಚಿಯನ್ ಡೆಮಾಕ್ರಾಟ್‌ಗಳ ಬಜೆಟ್ ಪಾಸಾಯಿತು. ಆಮೇಲೆ ಅಧಿಕಾರಕ್ಕೆ ಬಂದ ಲೋವೆನ್ ಸರ್ಕಾರ ಎದುರಾಳಿಯ ಬಜೆಟ್ ಇಟ್ಟುಕೊಂಡು ವರ್ಷ ಶುರು ಮಾಡಿತು. ಇದಕ್ಕೆ ಜನ ಮತ ಹಾಕಿದ್ದರಾ? ತಡ ಮಾಡಿದ್ದರ ಬೆಲೆ ಇದು.

ಇನ್ನೂ ಒಂದು ಮಾತು ಹೇಳಬೇಕು. ನವೆಂಬರ್ 15ಕ್ಕೆ ಸೆಂಟರ್ ಪಕ್ಷದ ಆನಿ ಲೋಫ್‌ಗೆ ಹೊಣೆ ಕೊಟ್ಟರು. 31 ಸ್ಥಾನದ ಪಕ್ಷ. ಒಂದು ವಾರ ಕಳೆದು ಅವರೂ ಬಿಟ್ಟರು. ಡಿಸೆಂಬರ್ 14ಕ್ಕೆ ಲೋವೆನ್ ಹೆಸರು ಮತಕ್ಕೆ ಬಂತು, ಪರ 116, ವಿರುದ್ಧ 200. ಸೋಲುವ ಮತದಾನಗಳ ಸಾಲು ಅಷ್ಟೇ ಇದು. ಕೊನೆಗೆ ಗಂಟು ಬಿಚ್ಚಿದ್ದು ಪಕ್ಷಗಳು, ಜನವರಿ ಒಪ್ಪಂದದ ಮೂಲಕ. ಸ್ಪೀಕರ್‌ಗೆ ಅದರ ಶ್ರೇಯಸ್ಸು ಯಾಕೆ?

ತಾಳೆಗರಿ:

ಒಪ್ಪಂದ ಬರೆದದ್ದು ಪಕ್ಷಗಳೇ, ಅದು ನಿಜ. ಸೋಷಿಯಲ್ ಡೆಮಾಕ್ರಾಟ್, ಹಸಿರು, ಸೆಂಟರ್, ಲಿಬರಲ್, ನಾಲ್ಕು ಪಕ್ಷ, 73 ಅಂಶ. ಆದರೆ ಅವರು ಜನವರಿಯಲ್ಲೇ ಯಾಕೆ ಬರೆದರು? ಡಿಸೆಂಬರ್ 14ರ ಸೋಲಿನ ಮೇಲೆ ನೊರ್ಲೇನ್ ದಿನಾಂಕಗಳನ್ನು ಮುಂದಿಟ್ಟರು. ಮೂರನೇ ಮತ ಜನವರಿ ಮಧ್ಯದಲ್ಲಿ, ಅದೂ ಬಿದ್ದರೆ ಒಂದೇ ವಾರದಲ್ಲಿ ನಾಲ್ಕನೇದು, ಆಮೇಲೆ ಮರುಚುನಾವಣೆ. ಚುನಾವಣಾ ಪ್ರಾಧಿಕಾರದ ಜೊತೆಗೂ ಮಾತಾಡಿ ಮುಗಿಸಿದ್ದರು. ಇದು ಸುಮ್ನೆ ಬೆದರಿಕೆ ಅಲ್ಲ ಎಂದು ಎಲ್ಲರಿಗೂ ಅರ್ಥ ಆಯಿತು. ಲಿಬರಲ್ ಪಕ್ಷಕ್ಕೆ ಆಗ 5.5 ಶೇಕಡಾ ಮತ ಇತ್ತು, ಹಸಿರಿಗೆ 4.4. ಸಂಸತ್ತಿಗೆ ಬರಲು ಕನಿಷ್ಠ 4 ಬೇಕು. ಮರುಚುನಾವಣೆ ಎಂದರೆ ಆ ಎರಡು ಪಕ್ಷಗಳಿಗೆ ಬದುಕು-ಸಾವಿನ ಪ್ರಶ್ನೆ.

ಜನವರಿ 11ಕ್ಕೆ ಒಪ್ಪಂದ. 18ಕ್ಕೆ ಮತ. ಪರ 115, ವಿರುದ್ಧ 153, ತಟಸ್ಥ 77. ಪರಕ್ಕಿಂತ ವಿರೋಧ 38 ಹೆಚ್ಚು. ಆದರೂ 175 ಮುಟ್ಟಲಿಲ್ಲ, ಲೋವೆನ್ ಗೆದ್ದರು.

ನೊರ್ಲೇನ್ ಸೆಪ್ಟೆಂಬರ್‌ನಲ್ಲೇ ಗಡುವು ಇಟ್ಟಿದ್ದರೆ ಕೆಲಸ ಆಗುತ್ತಿರಲಿಲ್ಲ ಎಂಬುದು ನನ್ನ ಲೆಕ್ಕ. ಸೆಂಟರ್ ಪಕ್ಷದ ಕಾರ್ಯಕರ್ತರಿಗೆ ಬೇರೆ ಎಲ್ಲ ದಾರಿ ನೋಡಿ ಆಯಿತು ಎಂದು ಮನವರಿಕೆ ಆಗಬೇಕಿತ್ತು. ಚುನಾವಣೆಯಲ್ಲಿ ಲೋವೆನ್‌ರನ್ನು ಇಳಿಸುತ್ತೇವೆ ಎಂದು ಮನೆಮನೆಗೆ ಹೋಗಿ ಮತ ಕೇಳಿದವರು ಅವರು. ಬಜೆಟ್ ವಿಷಯದಲ್ಲಿ ಗಡಿಯಾರದಅಂಗಡಿಯವರ ದೂರು ಸರಿ ಇದೆ, ಆ ನಷ್ಟ ಆಯಿತು.

ಹಳೆಪುಸ್ತಕ:

ನಾನು ವಯಸ್ಸಾದವನು, ಸ್ವಲ್ಪ ಹಿಂದಿನ ಮಾತು ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಸ್ವೀಡನ್ ಸ್ಪೀಕರ್ ಕುರ್ಚಿಗೆ ಇಂಥ ಪರೀಕ್ಷೆ ಹೊಸದಲ್ಲ. ಹೆನ್ರಿ ಅಲ್ಲಾರ್ಡ್ ಎಂಬವರ ಬಗ್ಗೆ ಓದಿ. ಸೋಷಿಯಲ್ ಡೆಮಾಕ್ರಾಟ್. 1971ರಲ್ಲಿ ಎರಡು ಸದನ ಹೋಗಿ ಒಂದೇ ಸದನ ಆಯಿತು, ಅದರ ಮೊದಲ ಸ್ಪೀಕರ್, 1979ರವರೆಗೆ.

1973ರ ಸೆಪ್ಟೆಂಬರ್ 15ಕ್ಕೆ ಮುದಿ ರಾಜ ಆರನೇ ಗುಸ್ತಾಫ್ ಅಡಾಲ್ಫ್ ತೀರಿಕೊಂಡರು. ಮಾರನೇ ದಿನವೇ ಚುನಾವಣೆ. ಫಲಿತಾಂಶ ಏನು ಬಂತು ಗೊತ್ತಾ? ಎಡಬಣ 175, ಬಲಬಣ 175. ಆಗ ಒಟ್ಟು ಸ್ಥಾನ 350 ಇತ್ತು, ಸಮ ಸಂಖ್ಯೆ! ಓಲೋಫ್ ಪಾಲ್ಮೆ ಪ್ರಧಾನಿಯಾಗಿ ಮುಂದುವರಿದರು. ಮತ ಸಮ ಬಿದ್ದಾಗ ಏನು ಮಾಡುವುದು? ಚೀಟಿ ಎತ್ತುವುದು. ಹೌದು, ನಮ್ಮ ಗ್ರಾಮ ಪಂಚಾಯ್ತಿಯಲ್ಲಿ ಸಮ ಬಂದರೆ ಎತ್ತುತ್ತಾರಲ್ಲ, ಹಾಗೇ. "ಹೌದು" ಒಂದು, "ಇಲ್ಲ" ಒಂದು, ಎತ್ತಿದ ಚೀಟಿಯಲ್ಲಿ ಏನಿದೆಯೋ ಅದೇ ದೇಶದ ತೀರ್ಮಾನ. ಮೂರು ವರ್ಷದಲ್ಲಿ ನೂರಕ್ಕೂ ಹೆಚ್ಚು ಸಲ ಹೀಗೆ ಆಯಿತು. ಲಾಟರಿ ಸಂಸತ್ತು ಎಂದೇ ಅದಕ್ಕೆ ಹೆಸರು ಬಿತ್ತು. 1976ರ ಚುನಾವಣೆಗೆ ಒಂದು ಸ್ಥಾನ ಕಡಿಮೆ ಮಾಡಿ 349 ಮಾಡಿದರು.

ಇಷ್ಟಾದರೂ ಅಲ್ಲಾರ್ಡ್ ಮೇಲಿನ ನಂಬಿಕೆ ಉಳಿಯಿತು. 1976ರಲ್ಲಿ ಬಲಬಣಕ್ಕೆ ಬಹುಮತ ಬಂದು 44 ವರ್ಷದ ಸೋಷಿಯಲ್ ಡೆಮಾಕ್ರಾಟ್ ಆಳ್ವಿಕೆ ಮುಗಿದ ಮೇಲೂ ಅವರೇ ಸ್ಪೀಕರ್ ಆಗಿ ಮುಂದುವರಿದರು. ಬಲಬಣದ ಹೊಸ ಪ್ರಧಾನಿ ಹೆಸರನ್ನು ಸೂಚಿಸಿದ್ದು ಇದೇ ಸೋಷಿಯಲ್ ಡೆಮಾಕ್ರಾಟ್ ಸ್ಪೀಕರ್. ನೊರ್ಲೇನ್ ಬಗ್ಗೆ ಗೌರವ ಇದೆ, ಆದರೆ ಅವರು ಖಾಲಿ ಜಾಗದಲ್ಲಿ ಮನೆ ಕಟ್ಟಲಿಲ್ಲ ಎಂದು ಹೇಳೋಕೆ ಇಷ್ಟು ಬರೆದೆ.

ಹೊನ್ನೆಮರ:

ಹಳೆಪುಸ್ತಕ ಸಾರ್, ಇದಕ್ಕೇ ನೀವು ಬರೆಯಬೇಕು ಅನ್ನೋದು. ಇದರ ಜೊತೆ ಒಂದು ಸೇರಿಸುತ್ತೇನೆ. ಸ್ವೀಡನ್ ಸ್ಪೀಕರ್ ಯಾವ ಮತದಾನದಲ್ಲೂ ಮತ ಹಾಕಲ್ಲ, ಸಮ ಬಂದರೂ ಇಲ್ಲ. ಸ್ಪೀಕರ್ ಆದ ದಿನವೇ ಅವರ ಸಂಸದ ಸ್ಥಾನಕ್ಕೆ ಅದೇ ಪಕ್ಷದ ಬದಲಿ ಸದಸ್ಯರು ಬಂದು ಕೂರುತ್ತಾರೆ. ಪಕ್ಷದ ಲೆಕ್ಕ ಹಾಗೇ ಇರುತ್ತೆ, ಸ್ಪೀಕರ್ ಮಾತ್ರ ಲೆಕ್ಕದಿಂದ ಹೊರಗೆ. ಸಂಬಳ ಪ್ರಧಾನಿಯಷ್ಟೇ. ಸ್ಪೀಕರ್ ತಟಸ್ಥರಾಗಿರಲಿ ಎಂದು ಬರೀ ಹಾರೈಸಿ ಕೂತಿಲ್ಲ ಅವರು, ಹಾಗೆ ಇರಲು ಏರ್ಪಾಡು ಮಾಡಿಕೊಂಡಿದ್ದಾರೆ.

ಮಣ್ಣಿನಹಾದಿ:

2019ಕ್ಕೆ ಕಥೆ ಮುಗಿಯಿತಾ? 2021ರಲ್ಲಿ ಒಬ್ಬ ಮಹಿಳಾ ಪ್ರಧಾನಿ ಬೆಳಿಗ್ಗೆ ಆಯ್ಕೆಯಾಗಿ ಸಂಜೆ ರಾಜೀನಾಮೆ ಕೊಟ್ಟರು ಎಂದು ಓದಿದ ನೆನಪು. ಅದೂ ನೊರ್ಲೇನ್ ಕಾಲವೇನಾ?

ಉತ್ತರದಿಕ್ಕು:

ಅವರ ಕಾಲವೇ. 2021 ಇಡೀ ವರ್ಷ ಅವರಿಗೆ ಬಿಡುವೇ ಇರಲಿಲ್ಲ.

ಜೂನ್‌ನಲ್ಲಿ ಹೊಸದಾಗಿ ಕಟ್ಟುವ ಮನೆಗಳ ಬಾಡಿಗೆಯನ್ನು ಮಾರುಕಟ್ಟೆಗೆ ಬಿಡುವ ವಿಚಾರಕ್ಕೆ ಎಡಪಕ್ಷ ಸಿಟ್ಟಾಯಿತು. ಜನವರಿ ಒಪ್ಪಂದದ 73 ಅಂಶಗಳಲ್ಲಿ ಇದೂ ಒಂದಾಗಿತ್ತು. ಬಾಡಿಗೆ ಮನೆ ಸಿಗಲು ಕ್ಯೂನಲ್ಲಿ ವರ್ಷಗಟ್ಟಲೆ ಕಾಯುವ ದೇಶದಲ್ಲಿ ಇದು ಚಿಕ್ಕ ವಿಷಯ ಅಲ್ಲ, ನಾನೂ ವಿದ್ಯಾರ್ಥಿ ಕೋಣೆಗೆ ಕಾದವಳೇ. ಜೂನ್ 21ಕ್ಕೆ ಅವಿಶ್ವಾಸ ನಿರ್ಣಯ 181–109ರಿಂದ ಪಾಸಾಯಿತು. ಸ್ವೀಡನ್ ಇತಿಹಾಸದಲ್ಲಿ ಅವಿಶ್ವಾಸದಿಂದ ಬಿದ್ದ ಮೊದಲ ಪ್ರಧಾನಿ ಲೋವೆನ್. ಮತ್ತೆ ಸ್ಪೀಕರ್ ಕೋಣೆಗೆ ನಾಯಕರ ಸಾಲು. ಈ ಸಲ ನೊರ್ಲೇನ್ ಕ್ರಿಸ್ಟರ್‌ಸನ್‌ಗೆ ಕೊಟ್ಟದ್ದು ಎರಡು-ಮೂರು ದಿನ ಮಾತ್ರ. ಜುಲೈ 7ಕ್ಕೆ ಲೋವೆನ್ ವಾಪಸ್ ಬಂದರು, ವಿರುದ್ಧ 173.

ನವೆಂಬರ್‌ನಲ್ಲಿ ಲೋವೆನ್ ತಾವಾಗೇ ಬಿಟ್ಟುಕೊಟ್ಟು ಮಗ್ದಲೇನಾ ಆಂಡರ್‌ಸನ್ ಸರದಿ ಬಂತು. ನವೆಂಬರ್ 24ರ ಬೆಳಿಗ್ಗೆ ಮತ. ವಿರುದ್ಧ 174. ಇನ್ನೊಂದೇ ಒಂದು ಮತ ಬಿದ್ದಿದ್ದರೆ ಸೋಲುತ್ತಿದ್ದರು. ಆ ಒಂದು ಮತ ಆಮಿನೆ ಕಾಕಾಬಾವೆ ಎಂಬ ಪಕ್ಷೇತರ ಸದಸ್ಯೆಯ ಕೈಯಲ್ಲಿತ್ತು. ಇರಾನ್‌ನ ಕುರ್ದ್ ಮೂಲದವರು, ಎಡಪಕ್ಷ ಬಿಟ್ಟು ಬಂದವರು. ಅವರು ಪರ ಮತ ಹಾಕಿದರು. ಸ್ವೀಡನ್‌ಗೆ ಮೊದಲ ಮಹಿಳಾ ಪ್ರಧಾನಿ ಸಿಕ್ಕರು. ಅದೇ ಮಧ್ಯಾಹ್ನ ಬಜೆಟ್ ಮತದಲ್ಲಿ ವಿರೋಧ ಪಕ್ಷಗಳ ಬಜೆಟ್ ಗೆದ್ದಿತು. ಸ್ವೀಡನ್ ಡೆಮಾಕ್ರಾಟರ ಜೊತೆ ಕೂತು ಮಾಡಿದ ಬಜೆಟ್ ಇಟ್ಟುಕೊಂಡು ನಾವು ಸರ್ಕಾರದಲ್ಲಿ ಇರಲ್ಲ ಎಂದು ಹಸಿರು ಪಕ್ಷ ಹೊರನಡೆಯಿತು. ಸಮ್ಮಿಶ್ರ ಸರ್ಕಾರದಿಂದ ಒಂದು ಪಕ್ಷ ಹೋದರೆ ಪ್ರಧಾನಿ ರಾಜೀನಾಮೆ ಕೊಟ್ಟು ಮತ್ತೆ ಸಂಸತ್ತಿನ ಒಪ್ಪಿಗೆ ಪಡೆಯಬೇಕು ಎಂಬುದು ಅಲ್ಲಿನ ರೂಢಿ. ಆಂಡರ್‌ಸನ್ ಸುಮಾರು ಏಳು ಗಂಟೆಯಲ್ಲಿ ರಾಜೀನಾಮೆ ಕೊಟ್ಟರು. 29ಕ್ಕೆ ಮತ್ತೆ ಆಯ್ಕೆಯಾದರು, ಪರ 101, ವಿರುದ್ಧ 173, ತಟಸ್ಥ 75. ಈ ಸಲ ಹಸಿರು ಪಕ್ಷವೂ ತಟಸ್ಥ.

ಗಡಿಯಾರದಅಂಗಡಿ:

ಈ ಘಟನೆಯಲ್ಲೇ ನನ್ನ ದೊಡ್ಡ ಆಕ್ಷೇಪ ಇದೆ. ಆಂಡರ್‌ಸನ್ ರಾಜೀನಾಮೆ ಕೊಟ್ಟ ಮಾರನೇ ದಿನ ನೊರ್ಲೇನ್ ಪತ್ರಿಕಾಗೋಷ್ಠಿಯಲ್ಲಿ ನಡೆದದ್ದನ್ನು ಕಟುವಾಗಿ ಟೀಕಿಸಿದರು, ಇಂಥದ್ದರಿಂದ ಸಂಸತ್ತಿನ ಮೇಲಿನ ಜನರ ನಂಬಿಕೆಗೆ ಪೆಟ್ಟು ಬೀಳುತ್ತದೆ ಎಂಬರ್ಥದಲ್ಲಿ ಮಾತಾಡಿದರು. ಒಂದು ಪಕ್ಷ ಸರ್ಕಾರದಿಂದ ಹೊರಬರುವುದು ರಾಜಕೀಯ ತೀರ್ಮಾನ. ಅದು ಸರಿಯೋ ತಪ್ಪೋ ಹೇಳುವುದು ಮತದಾರರ ಕೆಲಸ. ತಟಸ್ಥ ಸ್ಪೀಕರ್ ಯಾಕೆ ಬಾಯಿ ಹಾಕಬೇಕು? ಅಲ್ಲಾರ್ಡ್ ಹೀಗೆ ಮಾಡುತ್ತಿದ್ದರಾ?

ಹೊನ್ನೆಮರ:

ಇದರಲ್ಲಿ ನಾನು ನಿಮ್ಮ ಹತ್ತಿರಕ್ಕೆ ಬರುತ್ತೇನೆ, ಪೂರ್ತಿ ಅಲ್ಲ. ಹಸಿರು ಪಕ್ಷ ಸರ್ಕಾರ ಬಿಟ್ಟದ್ದನ್ನು ಟೀಕಿಸಿದ್ದರೆ ತಪ್ಪಾಗುತ್ತಿತ್ತು. ಆದರೆ ಬೆಳಿಗ್ಗೆ ಸಮ್ಮಿಶ್ರ ಸರ್ಕಾರ ಎಂದು ಸ್ಪೀಕರ್ ಮುಂದೆ ಹೇಳಿ, ಆ ಮಾತಿನ ಮೇಲೆ ಸಂಸತ್ತು ಮತ ಹಾಕಿ, ಸಂಜೆ ಆ ಸರ್ಕಾರವೇ ಇಲ್ಲ ಎಂದಾದರೆ ಮತದಾನಕ್ಕೇ ಅರ್ಥ ಇರಲ್ಲ ಅಲ್ವಾ? ಬಜೆಟ್ ಬೀಳುತ್ತೆ ಎಂಬ ಸೂಚನೆ ಮೊದಲೇ ಇತ್ತು. ಮತ ನಡೆಸುವ ಮನೆಯ ಯಜಮಾನ ಆ ಮನೆಯ ಮರ್ಯಾದೆ ಬಗ್ಗೆ ಮಾತಾಡಬಹುದು ಎಂದು ನನಗನ್ನಿಸುತ್ತೆ. ದನಿ ಸ್ವಲ್ಪ ಜೋರಾಯಿತು ಎಂದರೆ ವಾದ ಮಾಡಲ್ಲ.

ತಾಳೆಗರಿ:

ನನಗೆ ಅದು ಗೆರೆ ದಾಟಿದ್ದು ಅಂತಲೇ ಅನ್ನಿಸುತ್ತೆ. ಉಳಿದ ಎಲ್ಲದರಲ್ಲಿ ನಾನು ನೊರ್ಲೇನ್ ಪರ. ಆದರೆ ಸ್ಪೀಕರ್ ಯಾವ ಪಕ್ಷಕ್ಕೂ ನೋವಾಗದ ಹಾಗೆ ಮಾತಾಡಿದಾಗಲೇ ಮುಂದಿನ ಸಲ ಆ ಪಕ್ಷದ ನಾಯಕರು ನಂಬಿಕೆಯಿಂದ ಅವರ ಕೋಣೆಗೆ ಬಂದು ಮನಸ್ಸಿನಲ್ಲಿ ಇರುವುದನ್ನು ಹೇಳುತ್ತಾರೆ. ಆ ನಂಬಿಕೆ ಇಲ್ಲದೆ 2018 ಆಗುತ್ತಿರಲಿಲ್ಲ.

ಹಳೆಪುಸ್ತಕ:

ಆ ಮಾತುಗಳಿಂದ ಸಂಬಂಧ ಕೆಟ್ಟಿತಾ ಎಂದು 2022ರ ಸ್ಪೀಕರ್ ಚುನಾವಣೆ ನೋಡಿದರೆ ಗೊತ್ತಾಗುತ್ತೆ. ಸೆಪ್ಟೆಂಬರ್ 11ರ ಚುನಾವಣೆಯಲ್ಲಿ ಬಲಬಣಕ್ಕೆ 176, ಎದುರಿಗೆ 173. ಬಲಬಣದೊಳಗೆ ಈಗ ದೊಡ್ಡ ಪಕ್ಷ ಸ್ವೀಡನ್ ಡೆಮಾಕ್ರಾಟ್, 73 ಸ್ಥಾನ, ಮಾಡರೇಟ್‌ಗಿಂತ ಹೆಚ್ಚು. ಸ್ಪೀಕರ್ ಸ್ಥಾನ ತಮಗೆ ಬೇಕು ಎಂಬ ಆಸೆ ಅವರಿಗಿತ್ತು. ಆದರೆ ಸೆಪ್ಟೆಂಬರ್ 26ಕ್ಕೆ ನೊರ್ಲೇನ್ ಅವಿರೋಧವಾಗಿ ಮತ್ತೆ ಆಯ್ಕೆಯಾದರು. 2018ರಲ್ಲಿ 145 ಜನ ಬೇರೆಯವರಿಗೆ ಮತ ಹಾಕಿದ್ದರು, ಈ ಸಲ ಎದುರಾಳಿಯೇ ಇಲ್ಲ. ಸೋಷಿಯಲ್ ಡೆಮಾಕ್ರಾಟರೂ ಒಪ್ಪಿದರು, ಹಸಿರು ಪಕ್ಷವೂ ಬೇರೆ ಹೆಸರು ಮುಂದಿಡಲಿಲ್ಲ.

ಗಡಿಯಾರದಅಂಗಡಿ:

ಅವಿರೋಧ ಆಯ್ಕೆ ಪೂರ್ತಿ ಪ್ರೀತಿಯಿಂದ ಆಯಿತು ಅನ್ನೋದು ಕಷ್ಟ ಸಾರ್. ನೊರ್ಲೇನ್ ಬೇಡ ಎಂದರೆ ಆ ಕುರ್ಚಿ ಸ್ವೀಡನ್ ಡೆಮಾಕ್ರಾಟರಿಗೆ ಹೋಗಬಹುದಿತ್ತು, ಎಡಬಣಕ್ಕೆ ಅದಕ್ಕಿಂತ ಇವರೇ ವಾಸಿ. ಎರಡನೇ ಉಪಸ್ಪೀಕರ್ ಸ್ಥಾನ ಆ ಪಕ್ಷದ ಯೂಲಿಯಾ ಕ್ರೋನ್‌ಲಿಡ್‌ಗೆ ಹೋಯಿತು ಅನ್ನೋದನ್ನೂ ಹೇಳಬೇಕು. 2018ರಲ್ಲಿ ಯಾರೂ ಕೈ ಜೋಡಿಸಬಾರದು ಎಂದಿದ್ದ ಪಕ್ಷ 2022ರಲ್ಲಿ ಸರ್ಕಾರಕ್ಕೆ ಆಧಾರ. ಅಕ್ಟೋಬರ್ 17ಕ್ಕೆ ಕ್ರಿಸ್ಟರ್‌ಸನ್ 176–173ರಲ್ಲಿ ಪ್ರಧಾನಿ ಆದದ್ದು ಅವರ ಮತದಿಂದಲೇ.

ಆದರೆ ಒಂದು ಒಪ್ಪಿಕೊಳ್ಳುತ್ತೇನೆ. ನವೆಂಬರ್ 14ರ ಮತದ ಬಗ್ಗೆ ಹೊನ್ನೆಮರ ಅವರು ಹೇಳಿದ ಕಾರಣವನ್ನು ನಾನು ಹಾಗೆ ಯೋಚಿಸಿರಲಿಲ್ಲ. ನಾಲ್ಕು ವರ್ಷ ಆದಮೇಲೆ ಅದೇ ಕ್ರಿಸ್ಟರ್‌ಸನ್ ಹೆಸರು, ಅದೇ ಸ್ಪೀಕರ್, ಅದೇ ಮನೆ. 154 ಇದ್ದದ್ದು 176 ಆಯಿತು. ಆ ನಡುವೆ ಲಿಬರಲ್ ಪಕ್ಷ ಕಡೆ ಬದಲಿಸಿತು. ಅದು ಯಾಕೆ ಬದಲಿಸಿತು ಅನ್ನೋದೇ ಒಂದು ಪ್ರತ್ಯೇಕ ಚರ್ಚೆ ಆಗಬೇಕು. ಯಾರಾದರೂ ಶುರು ಮಾಡಿ, ನಾನು ಬರುತ್ತೇನೆ.

ಉತ್ತರದಿಕ್ಕು:

ಲಿಬರಲ್‌ಗಳ ಬಗ್ಗೆ ನಾನು ಬರೆಯುತ್ತೇನೆ. 2019ರಲ್ಲಿ ಪಕ್ಷದ ನಾಯಕತ್ವ ಯಾನ್ ಬ್ಯೋರ್ಕ್‌ಲುಂಡ್ ಕೈಯಿಂದ ನ್ಯಾಮ್ಕೋ ಸಬುನಿಗೆ ಹೋದದ್ದರಿಂದ ಶುರು ಮಾಡಬೇಕು. ಭಾನುವಾರದೊಳಗೆ ಹಾಕುತ್ತೇನೆ.